ಒಂದು ಭಾನುವಾರ ಬರೆದ ಒಂದು ವರ್ಷದ ದಿನಚರಿ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ಎಷ್ಟೋ ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಹಳೆಯ ಪುಟ ತೆರೆದಾಗಲೆಲ್ಲ ನೆನಪಿರುವುದು ಒಂದು, ಬರೆದಿರುವುದು ಇನ್ನೊಂದು. ಯಾವುದನ್ನು ನಂಬಬೇಕೆಂದು ಯೋಚಿಸುವುದಕ್ಕೂ ಈಗ ದಣಿವು. ಇಂಥವಳ ಪಾಲಿಗೇ ಭಾವನ ದಿನಚರಿಯೂ ಬಂತು.

ಅಕ್ಕನ ಗಂಡನಿಗೆ ಗೇರುಸೊಪ್ಪೆಯ ಮೇಲಿನ ಗುಡ್ಡದಲ್ಲಿ ಒಂದಿಷ್ಟು ಕಾಫಿ ಗಿಡಗಳಿವೆ. ‘ಫೇರ್ ಟ್ರೇಡ್’ ಎಂಬ ನ್ಯಾಯಬೆಲೆ ವ್ಯಾಪಾರದ ಮುದ್ರೆ ಬಿದ್ದರೆ ದಲ್ಲಾಳಿ ಕೊಡುವುದಕ್ಕಿಂತ ಹೆಚ್ಚು ದರ ಸಿಗುತ್ತದೆಂದು ಬೆಳೆಗಾರರ ಸಂಘ ಸೇರಿದ್ದ. ಮುದ್ರೆಗೆ ತೋಟದ ದಿನಚರಿ ಬೇಕು: ಏನು ಗೊಬ್ಬರ ಹಾಕಿದಿರಿ, ಯಾರು ಕೊಯ್ದರು, ಅವರಿಗೆ ವಿಶ್ರಾಂತಿ ಕೊಟ್ಟಿರಾ. ತಪಾಸಣೆ ಸೋಮವಾರ. ಭಾವನ ಪುಸ್ತಕದಲ್ಲಿದ್ದದ್ದು ಮೊದಲ ಪುಟದ ‘ಶ್ರೀ ಗಣೇಶಾಯ ನಮಃ’ ಮಾತ್ರ. ಭಾನುವಾರ ಬೆಳಿಗ್ಗೆ ಕುಮಟೆಯ ನನ್ನ ಮನೆಗೆ ಫೋನು ಬಂತು. “ನೀ ಹೆಂಗೂ ದಿನಾ ಬರೆಯವಳು. ನಾ ಹೇಳ್ತಿ, ನೀ ಬರಿ. ಆತಾ?”

ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಭಾವ ನೆನಪಿಸಿಕೊಂಡ, ನಾನು ಬರೆದೆ. ಮೂರು ಪೆನ್ನು ಬದಲಿಸಿದೆ. ಒಂದು ಪುಟದ ಮೇಲೆ ಚಹಾದ ಲೋಟವಿಟ್ಟು ಕಂದು ಉಂಗುರ ಮೂಡಿಸಿದೆ, ಎಂ.ಎ. ಓದಿದ್ದು ಇದಕ್ಕೇ ಇರಬೇಕು.

“ಕೊಯ್ಯ ಆಳಿಗೆ ದಿನಾ ಮಧ್ಯಾಹ್ನ ಒಂದು ತಾಸು ವಿಶ್ರಾಂತಿ” ಎಂದ.

“ದಿನಾ ಕೊಟ್ಟಿದ್ದು ಹೌದಾ ಭಾವ?”

“ಬರಿ ಮಾರಾಯ್ತಿ.”

ಸಂಜೆಯ ಹೊತ್ತಿಗೆ ಕೈ ತನ್ನ ಹಳೆಯ ಅಭ್ಯಾಸಕ್ಕೆ ಬಿತ್ತು. ತೋಟದ ಪುಸ್ತಕವೆಂಬುದನ್ನು ಮರೆತು, ಜನವರಿಯ ಒಂದು ಪುಟದಲ್ಲಿ “ಇಂದು ಬೆನ್ನುನೋವು. ಏನೂ ಬೇಡವೆನಿಸಿತು” ಎಂದು ನನ್ನದನ್ನೇ ಬರೆದುಬಿಟ್ಟಿದ್ದೆ.

ತಪಾಸಣೆಯವರು ಆ ಸಾಲನ್ನೇ ಎರಡು ಸಲ ಓದಿ, ಇಷ್ಟು ಪ್ರಾಮಾಣಿಕ ದಿನಚರಿ ನೋಡಿರಲಿಲ್ಲ ಎಂದರಂತೆ. ಮುದ್ರೆ ಬಿತ್ತು, ದರವೂ ಸಿಕ್ಕಿತು. ದಲ್ಲಾಳಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ ಭಾವ, ಕಾಫಿ ಒಣಗಿಸುವ ಅಂಗಳಕ್ಕೆ ಸಿಮೆಂಟು ಹಾಕಿಸಿದ. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಈಚೆಗೆ ಹೋದಾಗ ಕೊಯ್ಲಿಗೆ ಬರುವ ಮಾದೇವಿ ಅದೇ ಅಂಗಳದ ಅಂಚಿನಲ್ಲಿ ಸೊಂಟ ಹಿಡಿದು ಕೂತಿದ್ದಳು.

“ಅಕ್ಕೋರೆ, ಪುಸ್ತಕದಲ್ಲಿ ಬೆನ್ನುನೋವು ಅಂತ ಬರ್ದೀರಂತೆ. ಯಾರದ್ದು?”

“ನಂದೇ.”

“ನೀವು ಎಂತ ಕೊಯ್ದ್ರಿ?” ಎಂದು ನಕ್ಕಳು. ಮಧ್ಯಾಹ್ನದ ಒಂದು ತಾಸಿನ ಬಗ್ಗೆ ಕೇಳಿದೆ. “ಯಾವ ತಾಸು?” ಎಂದಳು. ಕೂಲಿ ಹೋದ ವರ್ಷದ್ದೇ ಅಂತೆ.

ಒಳಗೆ ಹೋಗಿ ಕೇಳಿದೆ: “ಭಾವ, ಹೆಚ್ಚಿಗೆ ಬಂದದ್ದರಲ್ಲಿ ಮಾದೇವಿಗೆ ಎಂತ ಕೊಟ್ಟೆ?”

ಭಾವ ಬೀಜ ಹರವಲು ಬಿಸಿಲಿಗೆ ಎದ್ದು ಹೋದ. ಮೂರು ವಾರವಾಯಿತು. ನನ್ನ ದಿನಚರಿಯಲ್ಲಿ ಆ ಪ್ರಶ್ನೆಯ ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ. ತುಂಬಿಸಲು ಕೈ ತುರಿಸುತ್ತಲೇ ಇದೆ.