ಹದಿನಾಲ್ಕನೇ ನಿಯಮ

ಹೆಬ್ಬೆರಳಿನಷ್ಟು ದಪ್ಪದ ಒಂದು ರಬ್ಬರ್ ಪೈಪು. ಅದು ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ಒಡೆಯದೇ ಇದ್ದಿದ್ದರೆ ಕೆಂಡಣ್ಣ ಸಂಜೆ ನಾಲ್ಕಕ್ಕೆ 'ರಸ್ತೆ ಮಾಡಿದವನು' ಅನ್ನಿಸಿಕೊಂಡು ಮನೆಗೆ ಹೋಗುತ್ತಿದ್ದ. ಪೈಪು ಒಡೆಯಿತು. ರೋಲರ್ ಹೊಟ್ಟೆಯೊಳಗಿನ ಎಣ್ಣೆಯೆಲ್ಲ ಚರಂಡಿಯ ಪಾಲಾಯಿತು. ರೋಲರ್ ಒಂದು ಸಲ ಗೊರಕೆ ಹೊಡೆದು, ಆಸ್ಪತ್ರೆಯ ಗೇಟಿನ ಪಕ್ಕ ನಿಂತುಬಿಟ್ಟಿತು.

ಕೆಂಡಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸುಡುವ ಡಾಂಬರಿನ ಕೆಲಸ, ಅದಕ್ಕಿಂತ ಸುಡುವ ಸಿಟ್ಟು, ಎರಡೂ ಸೇರಿ ಬೀದಿಯವರು ಇಟ್ಟದ್ದು. ಇಪ್ಪತ್ತು ವರ್ಷ ಅವನು ಮಾಡಿದ್ದು ಗುಂಡಿ ಮುಚ್ಚುವ ಕೆಲಸ. ಬೇರೆಯವರು ರಸ್ತೆ ಹಾಕುವುದು, ಅದು ಕಿತ್ತುಹೋಗುವುದು, ಇವನು ಹೋಗಿ ತೇಪೆ ಹಾಕುವುದು. ಮದುವೆ ಮನೆಗೆ ಹೋದರೂ 'ಓ, ಗುಂಡಿ ಮುಚ್ಚೋರು ಬಂದ್ರು' ಅನ್ನುತ್ತಿದ್ದರು. ಈಗ ಮೊದಲ ಸಲ ಆಸ್ಪತ್ರೆಯ ಮುಂದಿನ ಇಡೀ ರಸ್ತೆಯ ಕೆಲಸ ಅವನ ಹೆಸರಿಗೆ ಸಿಕ್ಕಿತ್ತು. ಉಳಿದಿದ್ದು ಗೇಟಿನ ಮುಂದಿನ ಅರವತ್ತು ಅಡಿ, ಒಂದೇ ಒಂದು ಲಾರಿ ಮಾಲು. ಎಂಜಿನಿಯರ್ ಖಡಾಖಂಡಿತವಾಗಿ ಹೇಳಿದ್ದರು: "ನಾಲ್ಕು ಗಂಟೆಗೆ ಆಂಬುಲೆನ್ಸ್ ಓಡಾಡಬೇಕು. ಇಲ್ಲಾಂದ್ರೆ ನಿಮ್ಮ ಹೆಸರು ಕಪ್ಪುಪಟ್ಟಿಗೆ. ಆಮೇಲೆ ಜನ್ಮದಲ್ಲಿ ರಸ್ತೆ ಕೆಲಸ ಸಿಗಲ್ಲ."

ಬೆಳಿಗ್ಗೆ ಹೊರಡುವಾಗ ಹಜಾರದ ಗೋಡೆಯ ಫಲಕದ ಮೊಳೆಯಿಂದ ರೋಲರ್ ಕೀಲಿ ಎತ್ತಿಕೊಂಡು ಹೆಂಡತಿಗೆ ಹೇಳಿದ್ದ: "ಇವತ್ತಿಂದ ಯಾವನಾದ್ರೂ ನನ್ನ ಗುಂಡಿ ಮುಚ್ಚೋನು ಅನ್ಲಿ, ನೋಡ್ತೀನಿ!" ಆ ಫಲಕ ಡಾಂಬರು ಗುತ್ತಿಗೆದಾರರ ಸಂಘದವರು ಯಾವತ್ತೋ ಕೊಟ್ಟದ್ದು. ಯಾಕೆ ಕೊಟ್ಟರು ಅಂತ ಅವನಿಗೆ ನೆನಪಿಲ್ಲ. ಮೊಳೆ ಗಟ್ಟಿಯಾಗಿತ್ತು, ಕೀಲಿ ನೇತುಹಾಕುವುದಕ್ಕೆ ಅನುಕೂಲವಾಗಿತ್ತು.

ಈಗ ಟಾರ್ಪಾಲು ಹೊದ್ದ ಲಾರಿ ಹೊಗೆಯಾಡುತ್ತ ನಿಂತಿದೆ. ಜಲ್ಲಿ ಡಾಂಬರು ಕಲೆಸಿದ ಮಾಲು ಬಿಸಿಯಿದ್ದಾಗಲೇ ಹರಡಬೇಕು, ಬಿಸಿಯಿದ್ದಾಗಲೇ ರೋಲರ್ ಓಡಿಸಬೇಕು. ತಣ್ಣಗಾದರೆ ಅದು ಬಂಡೆ. ದೇವರು ಬಂದು ಬೇಡಿಕೊಂಡರೂ ಕೂರುವುದಿಲ್ಲ.

"ಪೈಪು ಸಿಗಬೇಕಾದ್ರೆ ನಾಳೆನೇ," ಅಂದ ರೋಲರ್ ಡ್ರೈವರ್, ನೆರಳು ಹುಡುಕಿ ಕೂರುತ್ತ. ಆ ಮನುಷ್ಯನಿಗೆ ಜಗತ್ತಿನಲ್ಲಿ ಯಾವುದೂ ಅವಸರವಿಲ್ಲ.

"ನಾಳೆ ನನ್ನ ತಿಥಿ ಮಾಡ್ತೀಯಾ?"

"ನಾಳೆ ನಂಗೆ ರಜ ಅಣ್ಣ."

ಕೆಂಡಣ್ಣ ಹಲ್ಲು ಕಡಿದು ರಸ್ತೆಯ ಆಚೆ ನೋಡಿದ. ಅಲ್ಲಿ, ಮೂವತ್ತು ಹೆಜ್ಜೆ ದೂರದಲ್ಲಿ, ಹಳದಿ ಬಣ್ಣದ ಇನ್ನೊಂದು ರೋಲರ್ ಬಿಸಿಲು ಕಾಯಿಸುತ್ತಿತ್ತು. ಅದು ಅವನ ಬಾಮೈದನದ್ದು. ಬಾಮೈದನೂ ಡಾಂಬರಿನ ಗುತ್ತಿಗೆದಾರನೇ. ಅವನ ಯಾರ್ಡೇ ಅದು. ಹೆಂಡತಿಯ ಸ್ವಂತ ತಮ್ಮ! ಕೆಂಡಣ್ಣ ಓಡಿಹೋಗಿ, "ಲೋ, ನಿನ್ನ ರೋಲರ್ ಎರಡು ಗಂಟೆ ಕೊಡೋ," ಅಂದ.

ಬಾಮೈದ ಕುರ್ಚಿಯಲ್ಲಿ ಒರಗಿಕೊಂಡು ಬಾಳೆಹಣ್ಣು ಸುಲಿಯುತ್ತಿದ್ದ. "ಕೊಡಬಹುದಿತ್ತು ಭಾವ. ಆದ್ರೆ ಹದಿನಾಲ್ಕನೇ ನಿಯಮ ಇದೆಯಲ್ಲ."

"ಯಾವ ಹದಿನಾಲ್ಕನೇದು?"

"ಸಂಘದ್ದು. ಒಬ್ಬ ಸದಸ್ಯ ಇನ್ನೊಬ್ಬ ಸದಸ್ಯನಿಗೆ ರೋಲರ್ ಕೊಡಬಾರದು. ಕೊಟ್ರೆ ಕೊಟ್ಟೋನ ಹೆಸರೂ ಔಟ್, ತಗೊಂಡೋನ ಹೆಸರೂ ಔಟ್. ಸಂಘದಲ್ಲಿ ಹೆಸರಿಲ್ಲದೋನಿಗೆ ಕೆಲಸನೇ ಇಲ್ಲ, ಗೊತ್ತಲ್ಲ?"

"ಯಾವ ತಲೆ ಕೆಟ್ಟೋನು ಮಾಡಿದ ಆ ನಿಯಮ?"

ಬಾಮೈದ ಬಾಳೆಹಣ್ಣನ್ನು ನಿಧಾನವಾಗಿ ಕಚ್ಚಿ, ಇನ್ನೂ ನಿಧಾನವಾಗಿ ನುಂಗಿದ. "ಅದನ್ನ ಸಂಘಾನೇ ಕೇಳಿ ಭಾವ."

ಸುಳ್ಳು ಹೇಳಬಾರದು, ಡಾಂಬರು ಗುತ್ತಿಗೆದಾರರ ಸಂಘ ಏನೂ ಮಾಡುವುದಿಲ್ಲ ಅಂತಲ್ಲ. ಡ್ರೈವರುಗಳಿಗೆ ತರಬೇತಿ ಕೊಡುತ್ತದೆ. ಮಳೆಯಲ್ಲಿ ಡಾಂಬರು ಹಾಕಿ ಅಂತ ಪೀಡಿಸುತ್ತಿದ್ದ ಅಧಿಕಾರಿಗಳ ಜೊತೆ ಜಗಳವಾಡಿ ಗೆದ್ದಿದೆ. ಪ್ರತಿ ತಿಂಗಳು ಪತ್ರಿಕೆ ತರುತ್ತದೆ, ಅದರ ಮುಖಪುಟದಲ್ಲಿ ಅಧ್ಯಕ್ಷರು ನಗುತ್ತಾರೆ. ಸಂಘದ ಸದಸ್ಯರಲ್ಲದವರಿಗೆ ಕೆಲಸ ಕೊಡಬಾರದು ಅಂತ ಕರಾರು ಮಾಡಿಸಿದ್ದೂ ಅದೇ. ಊರಿನಲ್ಲಿ ರೋಲರ್ ಇಟ್ಟುಕೊಂಡವರೆಲ್ಲ ಸದಸ್ಯರೇ. ಹಾಗಾಗಿ ಕೆಂಡಣ್ಣ ಎಲ್ಲಿ ಹೋದರೂ ಹದಿನಾಲ್ಕನೇ ನಿಯಮ ಬಾಗಿಲಲ್ಲಿ ಕಾಲು ಚಾಚಿಕೊಂಡು ಕೂತಿರುತ್ತಿತ್ತು. ಅವನಿಗೂ ಸಂಘಕ್ಕೂ ಇದ್ದ ಸಂಬಂಧ ಅಂದರೆ ವರ್ಷಕ್ಕೊಂದು ಮಹಾಸಭೆ. ಹೋಗುವುದು, ಏನಕ್ಕಾದರೂ ಎದ್ದು ಕೂಗಾಡುವುದು, ಊಟ ಮಾಡಿ ಬರುವುದು.

ಕೂಗಾಡಿಕೊಂಡೇ ಫೋನ್ ಮಾಡಿದ.

"ಗಾಬರಿಯಾಗಬೇಡಿ ಅಣ್ಣ!" ಅಂದರು ಕಾರ್ಯದರ್ಶಿ ಮೇಡಂ. "ಸಂಘ ಇರೋದೇ ನಿಮಗೋಸ್ಕರ. ಈಗಲೇ ಬಂದೆವು!"

ಬಂದರು. ಒಂದು ವ್ಯಾನಿನ ತುಂಬ ಬಂದರು. ಮೊದಲು ಇಳಿದದ್ದು ಬ್ಯಾನರ್: 'ಸದಸ್ಯರ ಕಷ್ಟದಲ್ಲಿ ಸಂಘ.' ಆಮೇಲೆ ಕಾರ್ಯದರ್ಶಿ, ಕಂಕುಳಲ್ಲಿ ಕಡತ. ಆಮೇಲೆ ಸಂಘದ ತಾಂತ್ರಿಕ ಸಲಹೆಗಾರ, ಕೈಯಲ್ಲಿ ಮೊಳದುದ್ದದ ಥರ್ಮಾಮೀಟರ್. ಕೊನೆಗೆ ಅಧ್ಯಕ್ಷರು. ಹೊಳೆಯುವ ಜಾಕೆಟ್ಟುಗಳು ಹನ್ನೆರಡು ಇಳಿದವು. ಕುರ್ಚಿಗಳೂ ಇಳಿದವು. ರೋಲರ್ ಮಾತ್ರ ಇಳಿಯಲಿಲ್ಲ.

ಸಲಹೆಗಾರ ನೇರ ಲಾರಿ ಹತ್ತಿ, ಟಾರ್ಪಾಲು ಸರಿಸಿ, ಥರ್ಮಾಮೀಟರನ್ನು ಮಾಲಿಗೆ ಚುಚ್ಚಿ ಕೂಗಿದ: "ನೂರ ನಲವತ್ತೆರಡು! ಪರವಾಗಿಲ್ಲ, ಚೆನ್ನಾಗಿದೆ!"

"ಅದನ್ನ ಮುಚ್ಚಯ್ಯಾ!" ಕೆಂಡಣ್ಣ ಚೀರಿದ. "ನೀನು ತೆರೆದಷ್ಟೂ ಆರುತ್ತೆ!"

"ಮೊದಲು ಸುರಕ್ಷತೆ," ಅಂದರು ಕಾರ್ಯದರ್ಶಿ, ಅವನಿಗೆ ಜಾಕೆಟ್ ತೊಡಿಸುತ್ತ. ಜಾಕೆಟ್ ಚಿಕ್ಕದು. ಗುಂಡಿ ಹಾಕಿದರೆ ಉಸಿರಾಡಲು ಆಗದು, ಹಾಕದಿದ್ದರೆ ಫೋಟೋ ತೆಗೆಯುವ ಹಾಗಿಲ್ಲ. ಫೋಟೋ ತೆಗೆದರು. ಅಧ್ಯಕ್ಷರ ಕಣ್ಣು ಮುಚ್ಚಿತ್ತು ಅಂತ ಇನ್ನೊಂದು ತೆಗೆದರು.

"ಮೇಡಂ, ರೋಲರ್!"

"ಅದಕ್ಕೇ ಬಂದಿರೋದು ಅಣ್ಣ. ಅರ್ಜಿ ಬರೀರಿ. ಎರಡು ಪ್ರತಿ."

ಎದುರು ಮನೆಯ ಬಾಲ್ಕನಿಯಿಂದ ಒಬ್ಬರು ಅಜ್ಜಿ ಬೆಳಿಗ್ಗೆಯಿಂದ ಈ ಕೆಲಸದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಈಗ ಬಗ್ಗಿ ಕೇಳಿದರು: "ಏನಪ್ಪಾ, ರಸ್ತೆ ಹಾಕ್ತೀರೋ, ನಾಟಕ ಆಡ್ತೀರೋ?"

"ಒಳಗೆ ಹೋಗಜ್ಜಿ!"

"ನನ್ನ ಬಾಲ್ಕನಿ. ನೀನು ಹೋಗು."

ಕೆಂಡಣ್ಣ ಲಾರಿಯ ಬಾನೆಟ್ ಮೇಲೆ ಕಾಗದವಿಟ್ಟು ಅರ್ಜಿ ಬರೆದ. ಸಿಟ್ಟಿಗೆ ಪೆನ್ನು ಕಾಗದ ಹರಿದುಕೊಂಡು ಆಚೆ ಹೋಯಿತು. ಇನ್ನೊಂದು ಬರೆದ. ಕಾರ್ಯದರ್ಶಿ ಓದಿ, "'ದರಿದ್ರ ನಿಯಮ' ಅಂತ ಬರೆಯೋ ಹಾಗಿಲ್ಲ ಅಣ್ಣ," ಅಂದರು. ಮೂರನೆಯದು ಬರೆದ.

"ನೂರ ಇಪ್ಪತ್ತಾರು!" ಲಾರಿ ಮೇಲಿಂದ ಕೂಗು ಬಂತು.

ಅಧ್ಯಕ್ಷರು ಅರ್ಜಿ ಓದಿ ಗಂಟಲು ಸರಿಮಾಡಿಕೊಂಡರು. "ನಿಮ್ಮ ನೋವು ನಮ್ಮ ನೋವು. ಸಂಘ ನಿಮ್ಮ ಬೆನ್ನ ಹಿಂದೆ ಇದೆ."

"ಬೆನ್ನ ಹಿಂದೆ ಬೇಡ ಸ್ವಾಮಿ, ಲಾರಿ ಹಿಂದೆ ರೋಲರ್ ಬೇಕು! ಅಲ್ಲಿದೆ ನೋಡಿ, ಹಳದಿದು, ತಿಂದುಂಡು ನಿಂತಿದೆ. ಒಂದು ಮಾತು ಹೇಳಿ, ಹದಿನಾಲ್ಕನೇ ನಿಯಮ ಇವತ್ತೊಂದಿನ ಇಲ್ಲ ಅಂತ!"

"ನಿಯಮ ಬದಲಾಯಿಸಬೇಕಾದ್ರೆ ಮಹಾಸಭೆ ಕರೀಬೇಕು. ಇಪ್ಪತ್ತೊಂದು ದಿನದ ನೋಟಿಸ್ ಕೊಡಬೇಕು," ಅಂದರು ಕಾರ್ಯದರ್ಶಿ. "ನಾನು ಈಗಲೇ ನೋಟಿಸ್ ಬರೀಲಾ?"

ಕೆಂಡಣ್ಣನ ಕಿವಿಯೂ ಕೆಂಪಾಯಿತು. ನ್ಯಾಯವಾಗಿ ಹೇಳಿ, ಯಾರಿಗೆ ಸಿಟ್ಟು ಬರುವುದಿಲ್ಲ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನಾದರೂ ಕ್ಷಮಿಸಬಹುದು. ಇವರು ಬಾವಿ ಎಲ್ಲಿ ತೋಡಬೇಕು ಅಂತ ಸಭೆ ಕರೆಯುವವರು. ಬಾಮೈದ ಅಷ್ಟುಹೊತ್ತಿಗೆ ತನ್ನ ಕುರ್ಚಿಯನ್ನೂ ರಸ್ತೆಯ ಅಂಚಿಗೆ ತಂದು ಹಾಕಿಕೊಂಡಿದ್ದ. ಅವನ ಮುಖದಲ್ಲಿ ಒಂದು ನಗು ಇತ್ತು. ಕೆಂಡಣ್ಣನಿಗೆ ಅದನ್ನು ಕಂಡು ಮೈಯೆಲ್ಲ ಉರಿಯಿತು.

"ಯಾಕೋ ನಗ್ತೀಯ? ನಿಮ್ಮಕ್ಕಂಗೆ ಹೇಳ್ತೀನಿ."

"ಅಕ್ಕಂಗೂ ಗೊತ್ತು ಭಾವ, ನಿಯಮ ನಿಯಮಾನೇ."

"ನೂರ ಎಂಟು!"

ಕೆಂಡಣ್ಣ ತಡೆಯಲಾರದೆ ಒಂದು ಸಲಿಕೆ ಮಾಲು ರಸ್ತೆಗೆ ಎಳೆದು ಹಾಕಿ, ಬೂಟುಗಾಲಿನಲ್ಲಿ ತುಳಿಯತೊಡಗಿದ. ಡ್ರೈವರ್‌ನನ್ನೂ ಎಳೆದು ತಂದು ತುಳಿಸಿದ. ಮೂರು ಹೆಜ್ಜೆಗೆ ಇಬ್ಬರ ಬೂಟಿನ ಅಟ್ಟೆಗಳೂ ಡಾಂಬರಿಗೆ ಅಂಟಿಕೊಂಡವು. ಇಬ್ಬರೂ ಬೂಟು ಅಲ್ಲೇ ಬಿಟ್ಟು ಈಚೆ ಬಂದರು, ಡ್ರೈವರ್ ನೆರಳಿಗೆ ಹೋದ. "ತುಂಬ ಒಳ್ಳೆ ಫೋಟೋ," ಅಂದರು ಅಧ್ಯಕ್ಷರು.

ಸರಿಯಾಗಿ ನಾಲ್ಕಕ್ಕೆ ಎಂಜಿನಿಯರ್ ಜೀಪು ಬಂದು ನಿಂತಿತು.

ಎಂಜಿನಿಯರ್ ಇಳಿದು ಮೊದಲು ರೋಲರ್ ನೋಡಿದರು, ಆಮೇಲೆ ಕುರ್ಚಿಗಳನ್ನು, ಬ್ಯಾನರನ್ನು, ಕೊನೆಗೆ ಬರಿಗಾಲಲ್ಲಿ ನಿಂತ ಕೆಂಡಣ್ಣನನ್ನು. ಸಲಹೆಗಾರ ಲಾರಿ ಮೇಲಿಂದ ಮೆಲ್ಲಗೆ, "ಎಂಬತ್ತೊಂದು," ಅಂದ. ಆಮೇಲೆ ಥರ್ಮಾಮೀಟರ್ ಎಳೆದ. ಅದು ಬರಲಿಲ್ಲ.

ಎಂಜಿನಿಯರ್ ಜೇಬಿನಿಂದ ಪುಸ್ತಕ ತೆಗೆದರು. ಕೆಂಡಣ್ಣ ಅವರ ಕೈ ಹಿಡಿದುಕೊಂಡ. ಅವನ ದನಿ ಮೊದಲ ಸಲ ಇಳಿದಿತ್ತು.

"ಸಾರ್, ಇಪ್ಪತ್ತು ವರ್ಷ ಗುಂಡಿ ಮುಚ್ಚಿದೀನಿ. ಇದೊಂದೇ ರಸ್ತೆ ಸಾರ್ ನಂದು ಅಂತ ಇರೋದು. ಮಾಲು ಟೈಮಿಗೆ ಬಂತು, ಆಳುಗಳು ಟೈಮಿಗೆ ಬಂದ್ರು. ಮೂವತ್ತು ಹೆಜ್ಜೆ ದೂರದಲ್ಲಿ ರೋಲರ್ ಇತ್ತು. ಒಂದು ದರಿದ್ರ ನಿಯಮ ಅದನ್ನ ಅಲ್ಲೇ ಕಟ್ಟಿಹಾಕ್ತು. ತಪ್ಪು ನಂದಲ್ಲ, ಆ ನಿಯಮ ತಂದೋಂದು. ಕಪ್ಪುಪಟ್ಟಿಗೆ ಅವನ ಹೆಸರು ಬರೀರಿ ಸಾರ್!"

ಎಂಜಿನಿಯರ್ ಯೋಚಿಸಿದರು. ಕೆಟ್ಟ ಮನುಷ್ಯನಲ್ಲ ಅವರು. ಸಂಘದವರ ಕಡೆ ತಿರುಗಿದರು. "ಇವರು ಹೇಳೋದು ನಿಜಾನಾ?"

"ನಿಜ ಸಾರ್," ಅಂದರು ಕಾರ್ಯದರ್ಶಿ. "ಆ ನಿಯಮ ಇಲ್ಲದಿದ್ರೆ ಎರಡು ಗಂಟೆಗೇ ಕೆಲಸ ಮುಗೀತಿತ್ತು."

"ಹಾಗಾದ್ರೆ ಸರಿ. ಈ ಕೆಲಸ ನಿಂತಿದ್ದು ಯಾರಿಂದಲೋ ಅವರ ಹೆಸರನ್ನೇ ಬರೀತೀನಿ. ಯಾರು ತಂದಿದ್ದು ನಿಯಮ?"

ಕೆಂಡಣ್ಣನಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಕಾರ್ಯದರ್ಶಿ ಕಡತವನ್ನು ಎದೆಗೆ ಒತ್ತಿಕೊಂಡರು. ಅಧ್ಯಕ್ಷರು ಆಕಾಶ ನೋಡಿದರು. "ಹೋಗಲಿ ಬಿಡಿ ಅಣ್ಣ, ಹಳೇ ಮಾತು ಯಾಕೆ?" ಅಂದರು ಕಾರ್ಯದರ್ಶಿ.

"ಯಾಕೆ ಬಿಡಬೇಕು? ಯಾವನೋ ದೊಡ್ಡ ಕುಳ ಇರಬೇಕು, ಅದಕ್ಕೇ ಮುಚ್ಚಿಡ್ತೀರ! ಓದ್ರೀ ಜೋರಾಗಿ! ಆ ಅಜ್ಜಿಗೂ ಕೇಳಬೇಕು!"

"ಓದಮ್ಮಾ," ಅಂದರು ಅಜ್ಜಿ.

ಕಾರ್ಯದರ್ಶಿ ನಿಟ್ಟುಸಿರುಬಿಟ್ಟು ಕಡತ ತೆರೆದರು. "ಆರು ವರ್ಷದ ಹಿಂದಿನ ಮಹಾಸಭೆ. ಒಬ್ಬ ಸದಸ್ಯರು ತಮ್ಮ ರೋಲರನ್ನು ಬಾಮೈದನಿಗೆ ಕೊಟ್ಟು, ಅದು ಸೀಟು ಮುರಿದುಕೊಂಡು ವಾಪಸ್ ಬಂದಿದ್ದರಿಂದ ತೀವ್ರ ಸಿಟ್ಟಿನಲ್ಲಿ ಎದ್ದು ನಿಂತು, 'ಇನ್ನು ಮೇಲೆ ಯಾವನೂ ಯಾವನಿಗೂ ರೋಲರ್ ಕೊಡಬಾರದು, ಕೊಟ್ಟೋನನ್ನೂ ತಗೊಂಡೋನನ್ನೂ ಒದ್ದು ಓಡಿಸಿ' ಎಂದು ಮೇಜು ಗುದ್ದಿ ಸೂಚಿಸಿದರು. 'ಒದ್ದು' ಎಂಬ ಪದ ಬಿಟ್ಟು, ಸಭೆ ಅವಿರೋಧವಾಗಿ ಅಂಗೀಕರಿಸಿತು. ಸೂಚಿಸಿದವರು ಅಷ್ಟರಲ್ಲಿ ಊಟಕ್ಕೆ ಹೋಗಿದ್ದರು." ಕಡತವನ್ನು ತಿರುಗಿಸಿ ಕೆಂಡಣ್ಣನ ಮುಂದೆ ಹಿಡಿದರು. "ಆಮೇಲೆ ಬಂದು ಸಹಿ ಹಾಕಿದ್ರಿ ಅಣ್ಣ."

ಸಹಿ ಅವನದ್ದೇ. ಅಲ್ಲೂ ಪೆನ್ನು ಕಾಗದ ಹರಿದುಕೊಂಡು ಆಚೆ ಹೋಗಿತ್ತು.

ಬಾಮೈದ ಎದ್ದು ಕುರ್ಚಿ ಮಡಚಿದ. "ಸೀಟಿಗೆ ಹೊಸ ಮೊಳೆ ಹೊಡ್ಸಿ ಕೊಡ್ತೀನಿ ಅಂತ ಅವತ್ತೇ ಅಂದಿದ್ದೆ ಭಾವ. ನೀವು ಕೇಳಲಿಲ್ಲ."

"ಸಿಟ್ಟಲ್ಲಿ ಕೊಯ್ಕೊಂಡ ಮೂಗು ಸಮಾಧಾನ ಆದ್ಮೇಲೆ ಬರುತ್ತೇನಪ್ಪಾ?" ಅಂದು ಅಜ್ಜಿ ಒಳಗೆ ಹೋದರು. ಇನ್ನು ನೋಡುವುದಕ್ಕೇನೂ ಉಳಿದಿರಲಿಲ್ಲ.

ಎಂಜಿನಿಯರ್ ಬರೆದುಕೊಂಡರು. ಮಾತು ಕೊಟ್ಟ ಮೇಲೆ ಮುಗಿಯಿತು. ಹೋಗುವಾಗ ಕೆಂಡಣ್ಣನ ಭುಜ ತಟ್ಟಿ, "ತೇಪೆ ಕೆಲಸಕ್ಕೆ ಕಪ್ಪುಪಟ್ಟಿ ಅಡ್ಡಿ ಬರಲ್ಲ," ಅಂದರು. ಬಾಮೈದನ ಹಳದಿ ರೋಲರ್ ಸಂಜೆಯವರೆಗೂ ಅಲ್ಲೇ ನಿಂತಿತ್ತು.

ಮನೆಗೆ ಬಂದ ಕೆಂಡಣ್ಣ ಕೀಲಿ ನೇತುಹಾಕಲು ಕೈ ಎತ್ತಿದವನು ಹಾಗೇ ನಿಂತ. ಆರು ವರ್ಷದಲ್ಲಿ ಮೊದಲ ಸಲ ಫಲಕ ಓದಿದ: 'ರೋಲರ್ ಶಿಸ್ತಿನ ಹದಿನಾಲ್ಕನೇ ನಿಯಮವನ್ನು ಸಂಘಕ್ಕೆ ನೀಡಿದ ನಮ್ಮ ಹೆಮ್ಮೆಯ ಸದಸ್ಯರಿಗೆ, ಕೃತಜ್ಞತೆಯಿಂದ.'

"ಇದರಲ್ಲಿ ಬರೆದಿರೋದು ನಿಂಗೆ ಗೊತ್ತಿತ್ತಾ?"

"ವಾರಕ್ಕೊಂದ್ಸಲ ಧೂಳು ಒರೆಸೋಳು ನಾನು," ಅಂದಳು ಹೆಂಡತಿ. "ನೀವು ಕೇಳಿದ್ರೆ ತಾನೇ ಹೇಳೋದು?"

ಕೆಂಡಣ್ಣ ಎರಡೂ ಕೈಯಲ್ಲಿ ಫಲಕ ಹಿಡಿದು, ಇದ್ದಬದ್ದ ಸಿಟ್ಟನ್ನೆಲ್ಲ ಕೂಡಿಸಿ ಎಳೆದ. ಮೊಳೆ ಗಟ್ಟಿಯಾಗಿತ್ತು ಅಂತ ಮೊದಲೇ ಹೇಳಿದೆನಲ್ಲ. ಅದು ಒಂದು ತಟ್ಟೆಯಗಲ ಗೋಡೆಯನ್ನೂ ಕಿತ್ತುಕೊಂಡೇ ಬಂತು. ಗಾರೆಯ ಧೂಳು ಇಳಿದ ಮೇಲೆ ಗಂಡ ಹೆಂಡತಿ ಇಬ್ಬರೂ ಗೋಡೆಯಲ್ಲಿ ಬಾಯಿ ತೆರೆದ ಗುಂಡಿಯನ್ನು ನೋಡುತ್ತ ನಿಂತರು.

"ಊಟಕ್ಕೆ ಮುಂಚೆ ಅದನ್ನ ಮುಚ್ಚಿಬಿಡಿ," ಅಂದಳು ಹೆಂಡತಿ, ಪೊರಕೆ ತರಲು ಹೋಗುತ್ತ. "ನಿಮಗೆ ಬರೋ ಕೆಲಸ ತಾನೇ."