ನನ್ನ ನೈಟಿಯೂ ಸೋಲಾರ್ ಪಂಪೂ

ಲೇಡಿಯೊಬ್ಬಳಿಗೆ ಬೇಕಾದುದನ್ನೆಲ್ಲ ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಿದ್ದರು: ಕಸೂತಿ, ಎಲೊಕ್ಯೂಷನ್, ಸದ್ದಿಲ್ಲದೆ ಸೂಪ್ ಕುಡಿಯುವುದು. ಈಜು ಮಾತ್ರ ಕಲಿಸಲಿಲ್ಲ. ಕಾರವಾರದ ಸಮುದ್ರ ಕ್ಲಾಸಿನ ಕಿಟಕಿಯಲ್ಲೇ ಕಾಣುತ್ತಿತ್ತು. ಅತ್ತ ನೋಡಿದರೆ ಇಂಪೊಸಿಷನ್ ಬರೆಯಬೇಕಿತ್ತು. ಹೀಗಾಗಿ ಒಮ್ಮೆಯಾದರೂ ನೀರಿನ ಮೇಲೆ ಅಂಗಾತ ತೇಲಬೇಕೆಂಬ ಆಸೆ ಮೊಣಕಾಲು ಹಿಡಿದುಕೊಳ್ಳುವ ವಯಸ್ಸಿನವರೆಗೂ ಉಳಿದುಬಂತು. ಟೀಚರ್ ಕೆಲಸದಿಂದ ರಿಟೈರ್ ಆಗಿ ಶೆಟಗೇರಿಯಲ್ಲಿ ಮನೆ ಮಾಡಿದ ಮೇಲೆ, ಡಾಕ್ಟರು "ನೀರಿನಲ್ಲಿ ನಡೆಯಿರಿ" ಎಂದದ್ದೇ ನೆಪವಾಗಿ ಹಿತ್ತಲಲ್ಲಿ ಸೊಂಟದ ಮಟ್ಟದ ಪುಟ್ಟ ಪೂಲ್ ಕಟ್ಟಿಸಿದೆ.

ನೀರು ಸೋಸುವ ಪಂಪಿಗೆ ಸೋಲಾರ್. ಪ್ಯಾನೆಲ್ಲುಗಳು ಪೂಲಿನ ಪಕ್ಕದಲ್ಲೇ, ತುಳಸಿಕಟ್ಟೆಯಷ್ಟು ಎತ್ತರದ ಸ್ಟ್ಯಾಂಡಿನ ಮೇಲೆ. ಬಿಸಿಲು ಬಿದ್ದರೆ ತಾನೇ ಶುರು, ಮೋಡ ಬಂದರೆ ತಾನೇ ಬಂದ್. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಬಹಳ ಸೇಫ್ ಆದ ಜಾಗದಲ್ಲಿ ಇಟ್ಟಿದ್ದೇನೆ. ಆ ಜಾಗ ನನಗೆ ಇಂದಿಗೂ ಸಿಕ್ಕಿಲ್ಲ.

ಸ್ವಿಮ್ಮಿಂಗ್ ಕಾಸ್ಟ್ಯೂಮ್ ಹಾಕಲು ಒಳಗಿರುವ ಕಾನ್ವೆಂಟ್ ಬಿಡಬೇಕಲ್ಲ. ನಾನು ಇಳಿಯುವುದು ನೈಟಿಯಲ್ಲೇ, ಅಂಚಿಗೆ ಫ್ರಿಲ್ ಇರುವ ನೈಟಿ. ಮೊನ್ನೆ ಬೆಳಿಗ್ಗೆ ಬಿಸಿಲೇರುವ ಮೊದಲೇ ಇಳಿದು, ಗೋಡೆಗೊರಗಿ, ಕಣ್ಣು ಮುಚ್ಚಿ "ಹೌ ಹೆವನ್ಲಿ" ಎಂದುಕೊಳ್ಳುತ್ತಿದ್ದಾಗ ಸೂರ್ಯ ತೆಂಗಿನ ಮರ ದಾಟಿದ. ಪಂಪು ಗುರ್ ಎಂದಿತು. ನೀರು ಎಳೆದುಕೊಳ್ಳುವ ತೂತು ನನ್ನ ಫ್ರಿಲ್ಲನ್ನೂ ಎಳೆದುಕೊಂಡಿತು. ಜಗ್ಗಿದೆ, ಬರಲಿಲ್ಲ. ಮೇಲೇಳಬೇಕೆಂದರೆ ನೈಟಿಯನ್ನು ಅಲ್ಲೇ ಬಿಟ್ಟು ಏಳಬೇಕು.

ಅಷ್ಟರಲ್ಲಿ ಹಿತ್ತಲಿನ ಗೇಟಿಗೆ ಬಂದಳು ಮೀನು ಮಾರುವ ಗಿರಿಜಾ. ಬಂಗಡೆಯ ದರಕ್ಕೆ ನಮ್ಮಿಬ್ಬರಿಗೂ ದಿನವೂ ಜಗಳ. ಗೆಲ್ಲುವವಳು ಯಾವಾಗಲೂ ನಾನು. ಈ ವಯಸ್ಸಿನಲ್ಲಿ ನನಗಿರುವ ಪ್ರೆಸ್ಟೀಜು ಅದೊಂದೇ.

"ಅಕ್ಕೋರೆ, ಎಂತಾ ಮಾಡ್ತ್ರಿ ಹೊಂಡದಾಗೆ? ಸಮುದ್ರ ಬತ್ತಿಹೋಯ್ತಾ?"

"ಗಿರಿಜಾ, ಪ್ಲೀಸ್, ಆ ಪ್ಯಾನೆಲ್ ಮೇಲೆ ಏನಾದರೂ ಮುಚ್ಚು."

ಅವಳು ನನ್ನ ಟವೆಲ್ ಹೊದಿಸಿದಳು. ಪಂಪು ಸ್ವಲ್ಪ ಗೊಣಗಿ ಎಳೆಯುತ್ತಲೇ ಇತ್ತು. ಜಗಲಿಯ ಮೇಲಿನ ಕಂಬಳಿ ತಾ ಎಂದೆ. ತಂದಳು. ತಂದು ತೋಳಿನ ಮೇಲೆ ಹಾಕಿಕೊಂಡು ನಿಂತಳು.

"ಬಂಗಡೆ ಚಲೋ ಬಂದದೆ ಇವತ್ತು. ತಕಂತ್ರಾ?"

"ಮೊದಲು ಮುಚ್ಚೇ ಮಾರಾಯ್ತಿ."

"ನಾ ಹೇಳಿದ್ ದರಕ್ಕೇ?"

"ನೀನು ಹೇಳಿದ ದರಕ್ಕೇ."

ಕಂಬಳಿ ಬಿತ್ತು, ಪಂಪು ನಿಂತಿತು, ಫ್ರಿಲ್ ಬಿಟ್ಟುಕೊಂಡಿತು. ಬಿಟ್ಟ ರಭಸಕ್ಕೆ ನಾನು ಹಿಂದಕ್ಕೆ ವಾಲಿ, ಒಂದು ಗಳಿಗೆ ಆಕಾಶ ನೋಡುತ್ತ ಅಂಗಾತ ತೇಲಿದೆ. ಬಾಲ್ಯದ ಆಸೆ ತೀರಿದ್ದು ಹೀಗೆ, ಮೀನಿನ ಬುಟ್ಟಿಯ ಎದುರಿಗೆ.

ಯಾರಿಗೂ ಹೇಳಬೇಡ ಎಂದು ಗೋಗರೆದೆ. "ಹೇಳೂದಿಲ್ರಾ" ಎಂದಳು. ಹಟ್ಟಿಕೇರಿಯಿಂದ ಅಂಕೋಲೆಯವರೆಗೆ ಮನೆಮನೆಯ ಸುದ್ದಿ ಹಂಚುವವಳು ಇದೊಂದನ್ನು ಮಾತ್ರ ನಿಜಕ್ಕೂ ಬಾಯಿಬಿಟ್ಟಿಲ್ಲ. ಆದರೆ ಅಂದಿನಿಂದ ನಾನು ದರದ ಮಾತೆತ್ತಿದರೆ ಸಾಕು, ಪೂಲಿನ ಕಡೆಗೊಮ್ಮೆ ನೋಡಿ, "ಬಿಸ್ಲು ಬಾಳ ಅಲ್ರಾ ಅಕ್ಕೋರೆ?" ಎನ್ನುತ್ತಾಳೆ. ನಾನು ತೆಪ್ಪಗೆ ಪರ್ಸ್ ತೆಗೆಯುತ್ತೇನೆ.

ಹೀಗೇ ಎಷ್ಟು ದಿನ ನಡೆದೀತು? ಅದಕ್ಕೇ ಇದನ್ನೆಲ್ಲ ನಾನೇ ಬರೆದು ಪತ್ರಿಕೆಗೆ ಕಳಿಸುತ್ತಿದ್ದೇನೆ. ದಯವಿಟ್ಟು ಓದಿ, ನಕ್ಕು, ನಾಲ್ಕು ಮನೆಗೆ ಹೇಳಿ. ಊರಿಗೆಲ್ಲ ಗೊತ್ತಾಗಿಬಿಟ್ಟರೆ ಬಂಗಡೆಗೆ ಮತ್ತೆ ಧೈರ್ಯವಾಗಿ ಚೌಕಾಶಿ ಮಾಡಬಹುದು.