ತಡವಾದವರ ಬೆಂಚು

ನಮ್ಮ ಮಗಳ ಶಾಲೆಯಲ್ಲಿ ನಿಯಮಗಳು ಹೇಗೆ ಹುಟ್ಟುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಏಕೆಂದರೆ ಅವುಗಳಲ್ಲಿ ಒಂದಕ್ಕೆ ಜನ್ಮ ಕೊಟ್ಟವನು ನಾನೇ. (ಸಾಕುವ ಕರ್ಮವೂ ನನ್ನದೇ.)

ಮೊದಲಿದ್ದ ನಿಯಮ ಸರಳವಾಗಿತ್ತು. ಗಂಟೆ ಹೊಡೆದ ಮೇಲೆ ಬಂದ ಮಗು ಮೊದಲ ಪೀರಿಯಡ್ ಮುಗಿಯುವವರೆಗೆ ಆಫೀಸಿನ ಮುಂದಿನ ಬೆಂಚಿನಲ್ಲಿ ಕೂತಿರಬೇಕು. ನನ್ನಾಕೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ನಸುಕಿಗೇ ಹೊರಟುಬಿಡುತ್ತಾಳೆ. ಮಗಳನ್ನು ಶಾಲೆಗೆ ಬಿಡುವ ಹೊಣೆ ನನ್ನದು. ನಾನೋ, ಮೀಸೆಯ ಎರಡೂ ತುದಿ ಸಮವಾಗದೆ ಹೊಸ್ತಿಲು ದಾಟುವ ಪೈಕಿಯಲ್ಲ. ಹೀಗಾಗಿ ಮೀಸೆ ನನ್ನದು, ಬೆಂಚು ಅವಳದು.

"ಲೇಟ್ ಮಾಡೋರು ನೀವು, ಕೂರೋದು ಆ ಮಗುನಾ?" ಎಂದಳು ನನ್ನಾಕೆ. "ಪೇರೆಂಟ್ಸ್ ಮೀಟಿಂಗಲ್ಲಿ ಬಾಯಿಬಿಟ್ಟು ಕೇಳಿ. ಮನೇಲಿ ಮಾತ್ರ ಸಿಂಹ!"

ಸಿಂಹ ಸಭೆಗೆ ಹೋಯಿತು. ಅಲ್ಲಿ ನಮ್ಮನ್ನೆಲ್ಲ ಒಂದನೇ ತರಗತಿಯ ಕುರ್ಚಿಗಳಲ್ಲಿ ಕೂರಿಸಿದ್ದರು. ಮಂಡಿ ಗದ್ದಕ್ಕೆ ತಾಗುತ್ತಿರುವಾಗ ಯಾವ ಪೋಷಕನಿಗೆ ತಾನೇ ಪ್ರತಿಭಟಿಸುವ ಧೈರ್ಯ ಬರುತ್ತದೆ? ಮುಖ್ಯೋಪಾಧ್ಯಾಯಿನಿಯವರು ಗೋಡೆಯ ಮೇಲೆ ಬಾಣದ ಗುರುತುಗಳಿದ್ದ ಒಂದು ಚಿತ್ರ ಮೂಡಿಸಿದರು. ಬೆಂಚಿನಿಂದ ಹೊರಟ ಬಾಣ ಶಿಸ್ತಿಗೆ ಹೋಗಿ, ಶಿಸ್ತಿನಿಂದ ಜಿಗಿದು ಸರ್ವತೋಮುಖ ವಿಕಾಸಕ್ಕೆ ಚುಚ್ಚಿಕೊಂಡಿತ್ತು.

"ಇದು ಶಿಕ್ಷೆ ಅಲ್ಲ, ಆತ್ಮಾವಲೋಕನಕ್ಕೊಂದು ಅವಕಾಶ" ಎಂದರು.

ನಾನು ಎದ್ದೆ. (ಕುರ್ಚಿಯೂ ನನ್ನೊಂದಿಗೇ ಎದ್ದಿತು. ಹಿಂದಿದ್ದ ಹೆಂಗಸೊಬ್ಬರು ಕಿತ್ತುಕೊಟ್ಟರು.)

"ಹಾಗಾದ್ರೆ ಆ ಅವಕಾಶ ತಪ್ಪು ಮಾಡಿದೋರಿಗೇ ಸಿಗಲಿ ಮೇಡಂ! ಮಗು ತಾನಾಗಿ ಲೇಟಾಗಿ ಬರುತ್ತಾ? ನಾವು ಕರ್ಕೊಂಡು ಬರ್ತೀವಿ. ಮಗುನ ಕ್ಲಾಸಿಗೆ ಕಳಿಸಿ, ಅಪ್ಪನ್ನ ಬೆಂಚಲ್ಲಿ ಕೂರಿಸಿ. ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ವಿನಾಯಿತಿ ಕೂಡದು!"

ಮಾತಿನ ಭರಕ್ಕೆ ಹೇಳಿದ್ದು. ಸಾಮಾನ್ಯವಾಗಿ ಇಂಥ ಮಾತಿಗೆ "ಪರಿಶೀಲಿಸ್ತೀವಿ" ಎಂಬ ಉತ್ತರ ಬರುತ್ತದೆ, ಎಲ್ಲರೂ ಟೀ ಕುಡಿದು ಮನೆಗೆ ಹೋಗುತ್ತೇವೆ. ಆದರೆ ಮೇಡಂ ಅಲ್ಲೇ ಚಪ್ಪಾಳೆ ತಟ್ಟಿದರು. "ಪೋಷಕರಿಂದಲೇ ಬಂದ ನೀತಿ! ಸೋಮವಾರದಿಂದ್ಲೇ ಜಾರಿ. ಸಾರ್, ಬನ್ನಿ, ಇದರ ಮಹತ್ವ ನೀವೇ ವಿವರಿಸಿ" ಎಂದು ಮೈಕು ಕೈಗಿತ್ತರು. ಮೈಕು ಸಿಕ್ಕಮೇಲೆ ಕೇಳಬೇಕೆ? ಕರ್ತವ್ಯ, ಕಾಲ, ಕುಟುಂಬ ಎಂದು ಬಾಯಿಗೆ ಬಂದದ್ದನ್ನೆಲ್ಲ ವಿವರಿಸಿದೆ. ಇತರ ಪೋಷಕರು ನನ್ನನ್ನು ನೋಡಿದ ನೋಟದಲ್ಲಿ ಅಭಿಮಾನವಿತ್ತು ಎಂದೇ ಆಗ ಭಾವಿಸಿದ್ದೆ.

ಮೀಸೆಯನ್ನು ಇನ್ನು ನಸುಕಿನಲ್ಲೇ ಮುಗಿಸಿಬಿಟ್ಟರಾಯಿತು, ಅಷ್ಟೇ ತಾನೇ ಎಂದುಕೊಂಡೆ. ಆದರೆ ಹೊಸ ನೀತಿಯನ್ನು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರು ಮನೆಯಲ್ಲೇ ಇದ್ದರು.

"ಪುಟ್ಟೀ, ಬೇಗ ಬಾರೇ!"

"ಇರಪ್ಪ, ಈ ಕಾಲಿನ ಲೇಸ್ ಗಂಟು ಆ ಕಾಲಿಂದಕ್ಕಿಂತ ದಪ್ಪ ಆಗಿದೆ. ಬಿಚ್ಚಿ ಕಟ್ತೀನಿ."

ಬಿಚ್ಚಿದಳು. ಕಟ್ಟಿದಳು. ಈಗ ಆ ಕಾಲಿನದು ದಪ್ಪವಾಯಿತು. ನಡುವೆ ತಲೆಯೆತ್ತಿ, "ಅಪ್ಪ, ನಂಗೆ ಸ್ಕೆಚ್ ಪೆನ್ ಬೇಕಿತ್ತು" ಎಂದಳು. ತಂದುಕೊಡುತ್ತೇನೆ ಎಂದದ್ದೇ ತಡ, ಎರಡೂ ಗಂಟು ಪವಾಡದಂತೆ ಸಮವಾದವು. ಮರುವಾರ ರೋಲರ್ ಸ್ಕೇಟ್ಸ್. ಅದರ ಮರುವಾರ ಗಣಿತದ ಟ್ಯೂಷನ್ನಿಗೆ ರಜೆ. ನಾನು ಕೈಗೆ ಗಡಿಯಾರ ಕಟ್ಟಿಕೊಂಡ ಒತ್ತೆಯಾಳಾದೆ.

ಇಲ್ಲವೆಂದರೆ ಗತಿ? ನಾನು ಪೈಪು, ನಲ್ಲಿ ಮಾರುವ ಕಂಪನಿಯೊಂದರ ಗೋದಾಮಿನ ಹಂಗಾಮಿ ಮುಖ್ಯಸ್ಥ. 'ಹಂಗಾಮಿ' ಎಂಬ ಬಾಲ ಕತ್ತರಿಸಬೇಕಾದ ನಮ್ಮ ನಿರ್ದೇಶಕರು ಮುಂದಿನ ಗುರುವಾರ ಬೆಳಗ್ಗೆಯೇ ಗೋದಾಮು ನೋಡಲು ಬರುವವರಿದ್ದರು. ಇಡೀ ಗೋದಾಮು ನನ್ನ ತಲೆಯಲ್ಲಿದೆ, ನಾನಿಲ್ಲದಿದ್ದರೆ ಅಲ್ಲಿ ಒಂದು ವಾಷರ್ ಕೂಡ ಸಿಕ್ಕುವುದಿಲ್ಲ ಎಂದು ಮನೆಯಲ್ಲಿ ದಿನವೂ ಹೇಳುತ್ತಿದ್ದೆ. ಮಗಳೂ ಕೇಳಿಸಿಕೊಂಡಿದ್ದಳು.

ಗುರುವಾರ ಬೆಳಗ್ಗೆ ಅವಳು ಶೂ ಹಿಡಿದು ಕೂತು, "ಅಪ್ಪ, ನಾಯಿಮರಿ" ಎಂದಳು.

"ಸಾಧ್ಯವೇ ಇಲ್ಲ!"

"ಸರಿ" ಎಂದು ಲೇಸನ್ನು ಪೂರ್ತಿ ಹೊರಗೆಳೆದು ಮೊದಲ ತೂತಿನಿಂದ ಪೋಣಿಸತೊಡಗಿದಳು.

ನಾಯಿಮರಿಗೆ ಒಪ್ಪುವಷ್ಟರಲ್ಲಿ ಸಮಯ ಮೀರಿತ್ತು. ಮಗಳು ಕುಣಿಯುತ್ತ ಕ್ಲಾಸಿಗೆ ಹೋದಳು, ನಾನು ಬೆಂಚಿಗೆ.

"ಮೇಡಂ, ಇವತ್ತೊಂದಿನ ಬಿಟ್ಬಿಡಿ. ನನ್ನ ಬಡ್ತಿ ವಿಷಯ."

"ಅಯ್ಯೋ, ವಿನಾಯಿತಿ ಕೂಡದು ಅಂದೋರೇ ನೀವಲ್ವಾ ಸಾರ್! ನೀವೇ ಎದ್ದು ಹೋದ್ರೆ ಉಳಿದೋರಿಗೆ ನಾನೇನು ವಿವರಿಸ್ಲಿ?"

ಪಕ್ಕದಲ್ಲಿ ಕೂತಿದ್ದ ಮತ್ತೊಬ್ಬ ಪೋಷಕರು, ವೃತ್ತಿಯಲ್ಲಿ ದಂತವೈದ್ಯರು, ಹಲ್ಲು ಕಡಿದರು. ಅವರ ನೋಟದಲ್ಲಿದ್ದದ್ದು ಅಭಿಮಾನವಲ್ಲ ಎಂಬುದು ಆಗ ಖಚಿತವಾಯಿತು.

ಪೀರಿಯಡ್ ಮುಗಿಯುವ ಮುನ್ನವೇ ಗೋದಾಮಿನ ಗುಮಾಸ್ತನ ಫೋನು ಬಂತು. "ಸಾರ್, ನಿರ್ದೇಶಕರು ಬಂದು ಹೋದ್ರು. ಎಲ್ಲಾ ತೋರಿಸ್ದೆ. ತುಂಬಾ ಖುಷಿಯಾದ್ರು."

"ನಾನೆಲ್ಲಿ ಅಂತ ಕೇಳಿದ್ರಾ?"

"ಕೇಳಿದ್ರು ಸಾರ್. ನೀವು ಮೆಸೇಜ್ ಮಾಡಿದ್ರಲ್ಲ, ಸ್ಕೂಲ್ ಬೆಂಚಲ್ಲಿ ಅಂದೆ. ಪಾಪ, ಅವರಿಗೆ ಅವಸರ ಬೇಡ, ನಿಧಾನಕ್ಕೇ ಬರಲಿ, ದಿನಾನೂ ಹಾಗೇ ಬರಲಿ ಅಂದ್ರು. ಅವರಿಲ್ಲದಿದ್ರೆ ಕೆಲ್ಸ ಬೇಗ ಆಗತ್ತೆ ಅಂದ್ರು."

ಸಂಜೆ ಇದನ್ನೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಕೊಂಡೆ. ನನ್ನಾಕೆ ಸೌಟು ಹಿಡಿದವಳು ತಿರುಗಿ ಗೋಡೆ ಕಡೆ ಮುಖ ಮಾಡಿದಳು. ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾಳೆಂದುಕೊಂಡೆ. (ಅಲ್ಲ.) ಊಟದ ಮೇಜಿನಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ಪೆನ್ಸಿಲ್ ನಿಲ್ಲಿಸಿ ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಳು.

ಮರುದಿನ ನಾನು ಮೀಸೆಯ ಒಂದು ತುದಿಯಲ್ಲಿದ್ದಾಗಲೇ ಅವಳು ಶೂ ಬಿಗಿದು, ಬ್ಯಾಗು ಹೊತ್ತು ಬಾಗಿಲಲ್ಲಿ ನಿಂತಿದ್ದಳು. ನನಗೆ ಕಣ್ತುಂಬಿ ಬಂತು.

"ಅಪ್ಪನ ಕಷ್ಟ ಅರ್ಥ ಆಯ್ತಾ ಕಂದಾ?"

"ಹೂಂ. ಲೇಟ್ ಮಾಡಿ ಏನುಪಯೋಗ?" ಎಂದು ನಿಟ್ಟುಸಿರಿಟ್ಟಳು. "ನೀನು ಬೆಂಚಲ್ಲಿ ಕೂತ್ರೂ ಯಾರಿಗೂ ಏನೂ ಆಗಲ್ವಂತಲ್ಲಪ್ಪ."